ಎಡಗೈಗೆ ಕೊಟ್ಟ ಯಜಮಾನಿಕೆ

ವರ್ಷ ತಿರುಗುವುದರೊಳಗೆ ನಾನು ಗಾಲ್ಫ್ ಕಲಿತೇ ತೀರುತ್ತೇನೆ ಎಂದು ಊಟದ ಮಧ್ಯೆ ಘೋಷಿಸಿದೆ. ಸಾಮಾನ್ಯ ಘೋಷಣೆಯಲ್ಲ. ಮುದ್ದೆಯ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಎದೆ ಸೆಟೆಸಿ, ಗೋಡೆಯ ಮೇಲಿನ ದೇವರ ಪಟಗಳಿಗೂ ಕೇಳುವ ಹಾಗೆ ಮಾಡಿದ ಘೋಷಣೆ. ಹುಣಸೂರಿನಲ್ಲಿ ನೀರೆತ್ತುವ ಪಂಪು ಮಾರಿಕೊಂಡು ಬದುಕುವ ಈ ಶಿವಶಂಕರ ಹೊಡೆದ ಚೆಂಡು, ಮುಂದಿನ ಡೀಲರುಗಳ ಸಭೆಯಲ್ಲಿ ಆಕಾಶ ಮುಟ್ಟಿ ಬರಬೇಕು. ಕೆ.ಆರ್. ನಗರದ ಡೀಲರು ಮಹೇಶ್‌ಕುಮಾರ್ ಬಾಯಿ ಬಿಟ್ಟುಕೊಂಡು ನೋಡಬೇಕು. ಅಷ್ಟೇ ನನ್ನ ಆಸೆ.

ನನ್ನ ಹೆಂಡತಿ ವಾಣಿಶ್ರೀ ಸಾರು ಬಡಿಸುತ್ತಾ ವಿಚಾರಣೆ ಶುರು ಮಾಡಿದಳು.

"ಅದನ್ನ ಆಡೋದು ಎಲ್ಲಿ?"

"ಮೈಸೂರಲ್ಲಿ."

"ಕಲಿಯೋದು?"

"ನಮ್ಮ ಹಿತ್ತಿಲಲ್ಲಿ."

"ನನ್ನ ಮೆಣಸಿನ ಗಿಡ ಇರೋ ಹಿತ್ತಿಲಲ್ಲಾ?"

"ಗಿಡದ ಪಕ್ಕದಲ್ಲಿ."

ಅವಳು ಇನ್ನೊಂದು ಸೌಟು ಸಾರು ಸುರಿದಳು. ಮುದ್ದೆ ಮುಳುಗಿಹೋಯಿತು.

ಈ ಛಲಕ್ಕೆ ಕಾರಣವಿತ್ತು. ಪಂಪಿನ ಕಂಪನಿಯವರು ಮೈಸೂರಿನಲ್ಲಿ ಡೀಲರುಗಳ ಸಭೆ ಕರೆದು, ಭಾಷಣ ಮುಗಿದ ಮೇಲೆ ನಮ್ಮನ್ನೆಲ್ಲ ಗಾಲ್ಫ್ ಮೈದಾನಕ್ಕೆ ಕರೆದೊಯ್ದು ಕೈಗೊಂದು ಕೋಲು ಕೊಟ್ಟಿದ್ದರು. ಗುದ್ದಲಿ ಹಿಡಿದ ವಂಶ ನಮ್ಮದು. ಗುದ್ದಲಿ ಎತ್ತಿದ ಹಾಗೆಯೇ ಎತ್ತಿ, ಇಳಿಸಿದೆ. ಚೆಂಡು ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಬಾಳೆಗಿಡ ನೆಡುವಷ್ಟು ಗುಂಡಿ ಬಿದ್ದಿತ್ತು. ಮಹೇಶ್‌ಕುಮಾರ್ ಬಂದು ಗುಂಡಿಯೊಳಕ್ಕೆ ಬಗ್ಗಿ ನೋಡಿ, "ನೀರ್ ಬಂತಾ ಶಿವಶಂಕರ್?" ಎಂದು ಕೇಳಿದ. ಅಕ್ಕಪಕ್ಕದ ತಾಲ್ಲೂಕುಗಳ ಡೀಲರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಟ ಕಲಿಸುವವರು ಮಾತ್ರ ನಗಲಿಲ್ಲ. ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿ ಕಾಯಿಲೆ ಹೇಳಿದರು. "ಸಾರ್, ನಿಮ್ಮ ಬಲಗೈಗೆ ತುಂಬಾ ಅವಸರ. ಈ ಆಟದಲ್ಲಿ ಎಡಗೈ ಯಜಮಾನ. ಕೋಲನ್ನ ಮೇಲಕ್ಕೆ ಒಯ್ಯೋದೂ ಅದೇ, ಕೆಳಕ್ಕೆ ಎಳೆಯೋದೂ ಅದೇ, ಚೆಂಡು ಯಾವ ಕಡೆ ಹೋಗಬೇಕು ಅಂತ ತೀರ್ಮಾನ ಮಾಡೋದೂ ಅದೇ. ಎಡ ಮೊಣಕೈ ಮಡಚಬಾರದು. ಬಲಗೈ ಕೋಲಿನ ಮೇಲೆ ಹಗುರವಾಗಿ ಕೂತಿರಬೇಕು, ಚೆಂಡಿನ ಹತ್ತಿರ ಬಂದಾಗ ಮಾತ್ರ ತಳ್ಳಬೇಕು. ಅದಕ್ಕೆ ಮುಂಚೆ ಮಧ್ಯೆ ಬಾಯಿ ಹಾಕಿದರೆ ಕೆಟ್ಟಿತು. ಕೆಲವು ದಿನ ಬರೀ ಎಡಗೈಯಲ್ಲೇ ಬೀಸಿ."

ಗುರೂಪದೇಶವಾಯಿತು. ಗುರುಪುರದ ಟಿಬೆಟನ್ ಕ್ಯಾಂಪಿನ ಅಂಗಡಿಯೊಂದರಲ್ಲಿ ಹಳೆಯ ಗಾಲ್ಫ್ ಕೋಲು ಸಿಕ್ಕಿತು. ಚೆಂಡಿನ ಬದಲು ನಮ್ಮ ತೆಂಗಿನ ಮರದಿಂದ ಉದುರುವ ಹರಳುಗಳನ್ನು, ಅಂದರೆ ನಿಂಬೆಹಣ್ಣಿನಷ್ಟು ಗಾತ್ರದ ಎಳೆಗಾಯಿಗಳನ್ನು ಇಟ್ಟುಕೊಂಡೆ. ಆದರೆ ಹುಟ್ಟಿದಾಗಿನಿಂದ ಯಜಮಾನಿಕೆ ಮಾಡಿದ ಬಲಗೈ ಅಷ್ಟು ಸುಲಭಕ್ಕೆ ಅಧಿಕಾರ ಬಿಡುತ್ತದೆಯೇ? ನಾನು ಎಡಗೈಯಲ್ಲಿ ಕೋಲು ಎತ್ತಿದರೆ ಅದು ಸದ್ದಿಲ್ಲದೆ ಬಂದು ಸೇರಿಕೊಳ್ಳುತ್ತಿತ್ತು. ಕೊನೆಗೆ ಒಂದು ಟವೆಲಿನಿಂದ ಅದನ್ನು ಬೆನ್ನ ಹಿಂದೆ ಕಟ್ಟಿ ಹಾಕಿದೆ. ಎಡಗೈಗೆ ಯಜಮಾನಿಕೆಯ ರುಚಿ ಹತ್ತಲಿ ಎಂದು ಹಲ್ಲುಜ್ಜುವುದು, ಗಡ್ಡ ಹೆರೆಯುವುದು, ಕಾಫಿ ಲೋಟ ಹಿಡಿಯುವುದು, ಅಂಗಡಿಯ ಬಾಗಿಲು ಎಳೆಯುವುದು ಎಲ್ಲವನ್ನೂ ಅದಕ್ಕೇ ವಹಿಸಿದೆ.

"ಮಂಗಳಾರತಿನಾದ್ರೂ ಬಲಗೈಲಿ ತಕ್ಕಳ್ರೀ, ದೇವ್ರು ಏನಂದ್ಕಂಡಾನು," ಎಂದಳು ವಾಣಿಶ್ರೀ.

"ದೇವರಿಗೆ ಎರಡೂ ಕೈ ಒಂದೇ."

"ದೇವ್ರಿಗೆ ಒಂದೇ ಇರ್ಬೋದು. ಜನಕ್ಕಲ್ಲ."

ಅವಳ ಮಾತು ಮರುದಿನವೇ ನಿಜವಾಯಿತು. ಗಾವಡಗೆರೆಯ ರೈತರೊಬ್ಬರಿಗೆ ಹೊಸ ಮೋಟರಿನ ಪೆಟ್ಟಿಗೆಯ ಕೀಲಿಯನ್ನು ಅಭ್ಯಾಸಬಲದಿಂದ ಎಡಗೈಯಲ್ಲಿ ಚಾಚಿದೆ. ಅವರು ಕೀಲಿಯನ್ನೂ ನನ್ನನ್ನೂ ನೋಡಿ, "ಬೋಣಿ ಹೊತ್ನಲ್ಲಿ ಎಡಗೈಲಿ ಕೊಡ್ತಿದ್ದೀರಲ್ಲ. ಬ್ಯಾಡ ಬುಡಿ," ಎಂದು ಎದುರಿನ ಅಂಗಡಿಗೆ ನಡೆದರು. ಆಗಲಾದರೂ ನಿಲ್ಲಿಸಿದ್ದರೆ ನಷ್ಟ ನನ್ನೊಬ್ಬನದಾಗಿ ಮುಗಿಯುತ್ತಿತ್ತು. ನಿಲ್ಲಿಸಲಿಲ್ಲ.

ವಾಣಿಶ್ರೀಯ ತವರು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು. ಅಲ್ಲಿ ಅವಳ ತಾಯಿ ರುಕ್ಮಿಣಮ್ಮನವರೂ ಅಣ್ಣ ನಂಜುಂಡಸ್ವಾಮಿಯೂ ಇದ್ದಾರೆ. ನಂಜುಂಡಸ್ವಾಮಿ ಬಂಗಾರದಂಥ ಮನುಷ್ಯ, ಆದರೆ ಶಾಸ್ತ್ರ ಸಂಪ್ರದಾಯದಲ್ಲಿ ಕೂದಲೆಳೆ ತಪ್ಪಿದರೂ ಮುನಿಸಿಕೊಳ್ಳುವವನು. ನಮ್ಮ ಗೃಹಪ್ರವೇಶಕ್ಕೆ ಅವನನ್ನು ಕರೆಯಲು ಹೊರಟ ದಿನ ಕಾರು ಕೆಟ್ಟು, ಬೇರೆ ದಿನ ಒದಗದೆ, ಕರೆಯೋಲೆಯನ್ನು ಫೋನಿನಲ್ಲೇ ಕಳಿಸಿದ್ದೆವು. ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ ಕೈಗೆ ಬರಲಿಲ್ಲವೆಂದು ಅವನು ಬರಲಿಲ್ಲ. ಆವತ್ತಿನಿಂದ ಮಾತೂ ಇಲ್ಲ, ಹೋಗಿಬರುವುದೂ ಇಲ್ಲ. ಗೌರಿ ಹಬ್ಬ ಬಂದರೆ ವಾಣಿಶ್ರೀ ತವರಿನ ಬಾಗಿನಕ್ಕಾಗಿ ಬೆಳಗಿನಿಂದ ಗೇಟಿನ ಸದ್ದಿಗೆ ಕಿವಿಗೊಟ್ಟು, ಸಂಜೆ ಏನೂ ಆಗದವಳ ಹಾಗೆ ಬಟ್ಟೆ ಮಡಿಸುತ್ತಾ ಕೂರುತ್ತಿದ್ದಳು. ನಾನು ಅವಳ ಮುಖ ನೋಡದೆ ಪೇಪರು ಓದುತ್ತಿದ್ದೆ.

ಈಗ ನಂಜುಂಡಸ್ವಾಮಿಯ ಮಗಳು ಶಾಂಭವಿಗೆ ಮದುವೆ ಗೊತ್ತಾಯಿತು. ಕಳಶ ಹಿಡಿಯಲು ಸೋದರತ್ತೆ ಬೇಕು, ಇರುವ ಸೋದರತ್ತೆ ಇವಳೊಬ್ಬಳೇ. ರುಕ್ಮಿಣಮ್ಮನವರು ಮಗನ ಬೆನ್ನು ಹತ್ತಿ ಒಪ್ಪಿಸಿದರು. ಭಾನುವಾರ ಊಟದ ಹೊತ್ತಿಗೆ ಅವನೇ ಬಂದು ಪತ್ರಿಕೆ ಕೊಟ್ಟು ಕರೆಯುತ್ತಾನೆಂದು ಸುದ್ದಿ ಬಂತು. ವಾಣಿಶ್ರೀ ಮನೆಯನ್ನು ತೊಳೆದಳು, ತೊಳೆದದ್ದನ್ನು ಮತ್ತೆ ತೊಳೆದಳು, ಹೋಳಿಗೆಗೆ ಕಣಕ ಕಲೆಸಿಟ್ಟಳು.

"ಇವತ್ತೊಂದಿನ ಆ ಕೋಲು ಮುಟ್ಬ್ಯಾಡಿ," ಎಂದಳು.

"ಛೆ, ಅಷ್ಟೂ ತಿಳಿಯದವನಾ ನಾನು?"

ತಿಳಿಯದವನೇ. ಊಟಕ್ಕೆ ಇನ್ನೂ ಹೊತ್ತಿದೆಯಲ್ಲ, ಒಂದೇ ಒಂದು ಬೀಸು ಎಂದು ಹಿತ್ತಿಲಿಗೆ ಹೋಗಿ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡೆ. ಆವತ್ತಿನ ಬೀಸು ಎಂಥ ಬೀಸು! ಹರಳು ಕಾಂಪೌಂಡು ದಾಟಿ ಹೋಯಿತು. ಆ ಸಂತೋಷದಲ್ಲಿ ಇನ್ನೊಂದು, ಮತ್ತೊಂದು. ಅಷ್ಟರಲ್ಲಿ ಒಳಗಿನಿಂದ ವಾಣಿಶ್ರೀಯ ದನಿ ಬಂತು. "ಏನ್ರೀ, ಅಣ್ಣ ಆಗ್ಲೇ ಬಂದ. ಬೇಗ ಬನ್ನಿ."

ಟವೆಲಿನ ಗಂಟು ಬಿಚ್ಚಲು ಹೋದೆ. ನಾನು ಹಾಕಿದ್ದು ಪಂಪನ್ನು ಬಾವಿಗೆ ಇಳಿಸುವಾಗ ಹಾಕುವ ಗಂಟು, ಎಳೆದಷ್ಟೂ ಬಿಗಿಯುತ್ತದೆ. ಅದನ್ನು ಬಿಚ್ಚಲು ಎರಡು ಕೈ ಬೇಕು. ಒಂದು ಕೈ ಗಂಟಿನೊಳಗೇ ಇತ್ತು. ಬಟ್ಟೆ ಒಣಗಿಸುವ ಹಗ್ಗದ ಮೇಲಿದ್ದ ಶಾಲನ್ನು ಹೆಗಲ ಮೇಲೆ ಎಳೆದುಕೊಂಡು, ಗಾಂಭೀರ್ಯದಿಂದ ನಡುಮನೆಗೆ ಬಂದೆ.

ನಂಜುಂಡಸ್ವಾಮಿ ಬಿಳಿ ಪಂಚೆ ಉಟ್ಟು, ಎಲೆ ಅಡಿಕೆ ಹಣ್ಣಿನ ನಡುವೆ ಪತ್ರಿಕೆ ಇಟ್ಟ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ರುಕ್ಮಿಣಮ್ಮನವರು. ಅವನ ಮುಖದಲ್ಲಿ ಇಷ್ಟು ವರ್ಷದ ಬಿಗುವು ಸಡಿಲಾಗಿ ನಗು ಬರುವುದರಲ್ಲಿತ್ತು. "ಭಾವ, ಹಳೇದೆಲ್ಲ ಮರ್ತ್ ಬುಡಣ. ಎಲ್ರೂ ಬಂದು ನಡೆಸ್ಕೊಡ್ಬೇಕು," ಎಂದು ತಟ್ಟೆ ಚಾಚಿದ.

ನನ್ನ ಎಡಗೈ ಹೋಯಿತು. ನಾನು ಕಳಿಸಲಿಲ್ಲ, ಯಜಮಾನನಲ್ಲವೇ, ತಾನಾಗಿಯೇ ಹೋಯಿತು. ಮೊಣಕೈ ಮಡಚದೆ, ನೆಟ್ಟಗೆ, ಕಲಿಸಿದ ಹಾಗೆಯೇ ಹೋಗಿ ಪತ್ರಿಕೆಯ ಮೇಲೆ ಕೂತಿತು.

ನಂಜುಂಡಸ್ವಾಮಿ ತಟ್ಟೆಯನ್ನು ಎದೆಗೆ ಎಳೆದುಕೊಂಡ.

"ಏನಿದು ಭಾವ? ನನ್ ಮಗಳ ಲಗ್ನಪತ್ರಿಕೆ ಕಣ್ರೀ ಇದು. ಎಡಗೈಲಿ ತಕ್ಕತೀರಾ?"

ಅವನು ಬಾಗಿಲ ಕಡೆ ತಿರುಗಿಯಾಗಿತ್ತು. ವಾಣಿಶ್ರೀ ಅಣ್ಣನ ಬೆನ್ನು ನೋಡಿದಳು, ನನ್ನ ಶಾಲು ನೋಡಿದಳು.

"ಅಣ್ಣಾ, ಅವರ್ ಮೇಲೆ ಮುನಿಸ್ಕಬ್ಯಾಡ. ಅವರ್ ಬಲಗೈ ಬಿದ್ದೋಗದೆ. ಲಕ್ವ."

ತಟ್ಟೆ ಕುರ್ಚಿಯ ಮೇಲೆ ಕೂತಿತು. ನಂಜುಂಡಸ್ವಾಮಿ ಬಂದು ನನ್ನನ್ನು ತಬ್ಬಿಕೊಂಡು ಗಳಗಳನೆ ಅತ್ತುಬಿಟ್ಟ. "ಇಂಥ ಕಷ್ಟ ಬಂದದೆ, ಒಂದ್ ಮಾತ್ ಹೇಳ್ಬಾರ್ದಾ ಭಾವ? ನಾನೇನ್ ಸತ್ತೋಗಿದ್ನಾ? ನನ್ ಹಾಳ್ ಸಿಟ್ಟು, ತಂಗಿ ಮನೆ ಕಡೆ ತಿರುಗ್ ನೋಡ್ದಂಗ್ ಮಾಡ್ತು." ಆಮೇಲೆ ತಾನೇ ಪತ್ರಿಕೆ ತೆಗೆದು ನನ್ನ ಎಡಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದ. ವಾಣಿಶ್ರೀ ಅವನ ತೋಳು ಹಿಡಿದುಕೊಂಡು ಅಳುತ್ತಿದ್ದಳು. ಆ ಅಳು ಮಾತ್ರ ಸುಳ್ಳಾಗಿರಲಿಲ್ಲ.

ಅವರು ಉಂಡು ಹೋದ ಮೇಲೆ ಅವಳು ಕತ್ತರಿ ತಂದು ಟವೆಲು ಕತ್ತರಿಸಿದಳು.

"ಏನೇ ಮಾಡಿಬಿಟ್ಟೆ?" ಎಂದೆ.

"ಮಾಡಿದ್ದು ನೀವು. ನಾನು ಮುಚ್ಚಿದ್ದು. ಮದ್ವೆ ಮುಗಿಯೋಗಂಟ ಆ ಕೈ ಸತ್ತಿರ್ಲಿ. ಆಮ್ಯಾಕೆ ನಿಧಾನಕ್ಕೆ ಬದುಕ್ಸಣ."

ಸತ್ತ ಕೈಯನ್ನು ಸಾಕುವುದು ಬದುಕಿದ ಕೈಯನ್ನು ಸಾಕುವುದಕ್ಕಿಂತ ಕಷ್ಟ. ಸುದ್ದಿ ರಾವಂದೂರಿಗೆ ಹೋಗಿ, ಅಲ್ಲಿಂದ ಹುಣಸೂರಿನ ನನ್ನ ಅಂಗಡಿಗೆ ನನಗಿಂತ ಮೊದಲೇ ತಲುಪಿತು. ಅಂಗಡಿಗೆ ಬಂದವರೆಲ್ಲ ಪಂಪು ಬಿಟ್ಟು ನನ್ನನ್ನು ನೋಡಿಕೊಂಡು ಹೋದರು. ನಂಜುಂಡಸ್ವಾಮಿಯಂತೂ ಹೊಲದ ಕೆಲಸ, ಮದುವೆ ಕೆಲಸ ಎರಡನ್ನೂ ಬಿಟ್ಟು ನನ್ನನ್ನು ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಔಷಧಿ ಕೊಡುವ ದೊಡ್ಡಮಾದಯ್ಯ ಎಂಬುವರ ಹತ್ತಿರ ಕರೆದೊಯ್ದ. ಅವರು ನನ್ನ ಬಲಗೈಯನ್ನು ಉಗುರಿನಿಂದ ಚಿವುಟಿದರು. ಪ್ರಾಣ ಹೋದಂತಾಯಿತು, ಕದಲಲಿಲ್ಲ. ಇನ್ನೂ ಬಲವಾಗಿ ಚಿವುಟಿದರು. ಹಲ್ಲು ಕಚ್ಚಿ ಮುಗುಳ್ನಕ್ಕೆ.

"ನರ ಪೂರಾ ಸತ್ತೋಗದೆ," ಎಂದು ತೀರ್ಪು ಕೊಟ್ಟರು ದೊಡ್ಡಮಾದಯ್ಯ. ನಂಜುಂಡಸ್ವಾಮಿ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. ಹಚ್ಚಲು ಒಂದು ಎಣ್ಣೆ ಕೊಟ್ಟರು. ಅದರ ವಾಸನೆಗೆ ನಮ್ಮ ಬೀದಿಯ ನಾಯಿಗಳು ದಾರಿ ಬದಲಿಸಿದವು. ಪಥ್ಯವೂ ಇತ್ತು, ಕಾಫಿ ಬೇಡ, ಬದನೆಕಾಯಿ ಬೇಡ, ಅವರೆಕಾಯಿ ಬೇಡವೇ ಬೇಡ. ಊರೆಲ್ಲ ಹಿತಕಿದ ಬೇಳೆ ಸಾರಿನ ಘಮ ಹರಡಿದ್ದ ಕಾಲದಲ್ಲಿ ನಾನು ಗಂಜಿ ಕುಡಿದೆ.

ಆದರೂ ಒಂದು ಮಾತು ಹೇಳಬೇಕು. ಆ ದಿನಗಳಲ್ಲಿ ವಾಣಿಶ್ರೀ ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು. ಅಣ್ಣನಿಗೆ ದಿನಕ್ಕೊಮ್ಮೆ ಫೋನು, ಅಮ್ಮನಿಗೆ ಎರಡು ಸಲ. ಅದನ್ನು ಕೇಳಿಕೊಂಡು ಗಂಜಿ ಕುಡಿದರೆ ಗಂಜಿಯೂ ಇಳಿಯುತ್ತಿತ್ತು.

ಮದುವೆ ಪಿರಿಯಾಪಟ್ಟಣದ ಛತ್ರದಲ್ಲಿ. ವಾಣಿಶ್ರೀ ಹೊಸ ರೇಷ್ಮೆ ಸೀರೆಯಲ್ಲಿ ಕಳಶ ಹಿಡಿದು ಅಣ್ಣನ ಮಗಳ ಹಿಂದೆ ನಡೆದಳು. ನನ್ನನ್ನು ಫ್ಯಾನಿನ ಕೆಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ್ದರು. ಗಂಡಿನ ಕಡೆಯ ನೆಂಟರ ಪೈಕಿ ಒಬ್ಬ ದೂರದಿಂದಲೇ ಕೈ ಬೀಸುತ್ತಾ ಬಂದ. ನೋಡಿದರೆ ಕೆ.ಆರ್. ನಗರದ ಮಹೇಶ್‌ಕುಮಾರ್.

"ಏನ್ ಶಿವಶಂಕರ್, ಗಾಲ್ಫ್ ಎಲ್ಲಿಗ್ ಬಂತು?" ಎಂದು ಕೇಳಿಯೇಬಿಟ್ಟ.

ಪಕ್ಕದಲ್ಲಿದ್ದ ನಂಜುಂಡಸ್ವಾಮಿ ಕಿವಿ ನಿಮಿರಿಸಿದ. "ಅಂಗಂದ್ರೇನು ಭಾವ?"

"ಅದು... ಕೈಗೆ ಒಂದು ವ್ಯಾಯಾಮ," ಎಂದೆ.

"ದಿನಾ ಮಾಡಿ ಭಾವ. ಬುಡಬ್ಯಾಡಿ," ಎಂದ ಆ ಪುಣ್ಯಾತ್ಮ, ನನ್ನ ಶಾಲು ಸರಿಮಾಡುತ್ತಾ.

ಊಟದ ಪಂಕ್ತಿಯಲ್ಲಿ ಇನ್ನೊಂದು ಕಂಟಕ. ನೆಂಟರ ನಡುವೆ ಎಡಗೈಯಲ್ಲಿ ಊಟ ಮಾಡುವಂತಿಲ್ಲ, ಬಲಗೈ ಸತ್ತಿದೆ. ರುಕ್ಮಿಣಮ್ಮನವರು ಬಂದು ಎದುರಿಗೆ ಮಣೆ ಹಾಕಿಕೊಂಡು ಕೂತು ಅನ್ನ ಕಲೆಸಿ ತುತ್ತು ಮಾಡಿದರು. "ಬಾಯ್ ತಗೀರಿ ಅಳಿಯಂದ್ರೆ." ಇಡೀ ಪಂಕ್ತಿ ನೋಡುತ್ತಿತ್ತು. ಅರೆನೆರೆತ ಮೀಸೆಯ ನಾನು ಬಾಯಿ ತೆರೆದೆ. ನಾಚಿಕೆಯಿಂದ ಕಣ್ಣು ಕೆಳಗೆ ಹಾಕಿದಾಗ, ಬಡಿಸುತ್ತಾ ಹೋಗುತ್ತಿದ್ದ ನಂಜುಂಡಸ್ವಾಮಿಯ ಪಾದಗಳು ಕಂಡವು. ಹಿಮ್ಮಡಿ ಬಿರಿದು ರಕ್ತ ಒಸರಿತ್ತು. ಒಂದು ಕಾಲನ್ನು ಎಳೆದು ಹಾಕುತ್ತಿದ್ದ.

"ಅವನ ಕಾಲಿಗೇನಾಗಿದೆ ಅತ್ತೆ?"

"ಹೇಳ್ಬ್ಯಾಡ ಅಂದವನೆ," ಎಂದರು ಅವರು, ಮುಂದಿನ ತುತ್ತು ಕಟ್ಟುತ್ತಾ. "ನಿಮ್ ಕೈ ಆಡೋಗಂಟ ಮೆಟ್ಟು ಮೆಟ್ಟಕಿಲ್ಲ ಅಂತ ನಂಜುಂಡೇಶ್ವರಂಗೆ ಹರಕೆ ಕಟ್ಕಂಡವನೆ. ಹೊಲದಲ್ಲಿ ಮುಳ್ಳು ತುಳ್ದವನೆ. ಸಕ್ರೆ ಕಾಯ್ಲೆ ಬ್ಯಾರೆ, ಗಾಯ ಮಾಯ್ತಿಲ್ಲ."

ನೀರು ಕುಡಿದು, ಒಂದು ಉಪಾಯ ಹೊಳೆದು, ಮೆಲ್ಲಗೆ ಕೇಳಿದೆ. "ಹಂಗಾದರೆ ನಾಳೆಯೇ ಕೈ ಆಡಿಬಿಟ್ಟರೆ?"

"ಆಡುದ್ರೆ ರಾವಂದೂರಿಂದ ನಂಜನಗೂಡಿಗೆ ಬರಿಗಾಲಲ್ಲೇ ನಡ್ಕಂಡ್ ಹೋಯ್ತಾನಂತೆ. ಅದೂ ಹರಕೇಲೇ ಅದೆ."

ಕೈ ಸತ್ತಿದ್ದರೆ ಅವನಿಗೆ ಚಪ್ಪಲಿಯಿಲ್ಲ, ಬದುಕಿದರೆ ಅವನ ಕಾಲಿಗೇ ಕೊನೆ. ನನ್ನ ಹಾಳು ಆಟ ಒಬ್ಬ ಒಳ್ಳೆಯ ಮನುಷ್ಯನ ಕಾಲಿಗೆ ಬಂದು ನಿಂತಿತ್ತು. ಆ ದಿನ ಹೋಳಿಗೆ ತಿಂದೆನೋ ಮಣ್ಣು ತಿಂದೆನೋ ನನಗೆ ನೆನಪಿಲ್ಲ.

ಮನೆಗೆ ಬಂದ ಮೇಲೆ ವಾಣಿಶ್ರೀಗೆ ಎಲ್ಲ ಹೇಳಿದೆ. ಅವಳು ರೇಷ್ಮೆ ಸೀರೆಯನ್ನು ಮಡಿಸಿಟ್ಟು, "ನಾನೇ ಹೋಗಿ ಹೇಳ್ತೀನಿ. ಸುಳ್ಳು ನಂದು," ಎಂದಳು.

"ನೀನು ಹೇಳಿದರೆ ತವರಿನ ಬಾಗಿಲು ಇನ್ನು ತೆರೆಯೋದಿಲ್ಲ. ನಾನು ಹೇಳ್ತೀನಿ."

"ನಿಮಗೆ ಬಾಗಿಲು ಮುಚ್ತಾನೆ."

"ಮುಚ್ಚಲಿ."

ಜನ್ಮದಲ್ಲಿ ಮೊದಲ ಸಲ ಅವಳು ನನ್ನನ್ನು ಎದುರು ಮಾತಾಡದೆ ನೋಡಿದಳು.

ಮರುವಾರ ಮೈಸೂರಿನಲ್ಲಿ ಡೀಲರುಗಳ ಸಭೆಯಿದ್ದ ದಿನವೇ ನಾನು ರಾವಂದೂರಿಗೆ ಹೋದೆ. ನಂಜುಂಡಸ್ವಾಮಿ ಜಗಲಿಯ ಮೇಲೆ ಕಾಲು ಚಾಚಿ ಗಾಯಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ನನ್ನನ್ನು ಕಂಡು ಏಳಲು ಹೋದ. ನಾನು ಶಾಲು ತೆಗೆದು, ಬಲಗೈಯನ್ನು ಮೇಲೆತ್ತಿ, ಐದೂ ಬೆರಳನ್ನು ಆಡಿಸಿದೆ. ಅವನ ಮುಖ ಅರಳಿತು. "ನಂಜುಂಡಪ್ಪಾ..." ಎಂದು ಕೈ ಮುಗಿದ. ಅದನ್ನು ನೋಡುವುದು ನನ್ನಿಂದ ಆಗಲಿಲ್ಲ.

"ನಂಜುಂಡಸ್ವಾಮಿ, ಕೈ ಮುಗೀಬೇಡ. ಈ ಕೈಗೆ ಯಾವತ್ತೂ ಏನೂ ಆಗಿರಲಿಲ್ಲ," ಎಂದು ಶುರು ಮಾಡಿ ಗಾಲ್ಫು, ಎಡಗೈ, ಟವೆಲು, ಗಂಟು ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ಎಷ್ಟು ಅಲ್ಪ ವಿಷಯವೆಂದು ಕಾಣುತ್ತಾ ಹೋಯಿತು.

ಅವನು ಕೊನೆಯವರೆಗೂ ಕೇಳಿದ. ಒಂದೇ ಪ್ರಶ್ನೆ ಕೇಳಿದ.

"ನನ್ ತಂಗಿ ಲಕ್ವ ಅಂದ್ಲಲ್ಲ, ಅವಳ್ಗೆ ಗೊತ್ತಿತ್ತಾ?"

"ಇಲ್ಲ. ಅವಳಿಗೂ ಹಾಗೇ ನಂಬಿಸಿದ್ದೆ," ಎಂದೆ. ಇಡೀ ಪ್ರಕರಣದಲ್ಲಿ ನಾನೇ ಹೇಳಿದ ಸುಳ್ಳುಗಳಲ್ಲಿ ನಾಚಿಕೆಯಾಗದ್ದು ಇದೊಂದೇ.

ನಂಜುಂಡಸ್ವಾಮಿ ಬಟ್ಟೆಯ ಗಂಟು ಹಾಕಿದ. ಮೂಲೆಯಲ್ಲಿ ಧೂಳು ಹಿಡಿದಿದ್ದ ಚಪ್ಪಲಿಯನ್ನು ಎಳೆದುಕೊಂಡು, ಕೊಡವಿ, ನನ್ನ ಕಣ್ಣೆದುರಿಗೇ ಒಂದೊಂದಾಗಿ ಕಾಲಿಗೆ ಹಾಕಿಕೊಂಡ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ವಾಣಿ ಯಾವಾಗ್ ಬೇಕಾದ್ರೂ ಬರ್ಲಿ," ಎಂದ. "ನೀವು ಬರ್ಬ್ಯಾಡಿ." ಬಾಗಿಲ ಹಿಂದೆ ರುಕ್ಮಿಣಮ್ಮನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ.

ಈಗ ವಾಣಿಶ್ರೀ ತಿಂಗಳಿಗೊಮ್ಮೆ ತವರಿಗೆ ಹೋಗುತ್ತಾಳೆ. ನಾನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆ. ಎರಡೂ ಕೈ ಚೆನ್ನಾಗಿರುವ ಮನುಷ್ಯ ಖಾಲಿ ಮನೆಯಲ್ಲಿ ತಾನೇ ಅನ್ನಕ್ಕಿಟ್ಟು, ತಾನೇ ಬಡಿಸಿಕೊಂಡು, ಎದುರಿನ ಗೋಡೆ ನೋಡುತ್ತಾ ಉಣ್ಣುತ್ತಾನೆ. ಮೊದಲ ಸಲ ಹೋಗಿ ಬಂದಾಗ ಅವಳು ಒಂದು ಸ್ಟೀಲ್ ಡಬ್ಬಿಯನ್ನು ನನ್ನ ಮುಂದಿಟ್ಟಳು. ತುಪ್ಪದಲ್ಲಿ ಕರಿದ ಕಜ್ಜಾಯ.

"ಅಣ್ಣ ಕಳಿಸವನೆ. ನಿಮಗೇ ಅಂತ."

ನನಗೆ ಕಣ್ಣು ತುಂಬಿ ಬಂತು. ಕ್ಷಮಿಸಿದನೆಂದುಕೊಂಡು ಡಬ್ಬಿಗೆ ಕೈ ಹಾಕಿದೆ. ವಾಣಿಶ್ರೀ ನನ್ನ ಬಲಗೈ ಹಿಡಿದು, ತೊಡೆಯ ಮೇಲೆ ವಾಪಸ್ ಇಟ್ಟಳು.

"ಎಡಗೈಲಿ ತಿನ್ಬೇಕಂತೆ. ನಾನು ಎದುರ್ಗೇ ಕೂತ್ಕಂಡು ನೋಡ್ಬೇಕಂತೆ. ಆಣೆ ಹಾಕಿಸ್ಕಂಡವನೆ."

"ಇದೊಂದು ಸಲ ತಾನೆ?"

"ದಿನಾ. ಅವನ್ ಕಾಲಿನ್ ಗಾಯ ಮಾಯೋಗಂಟ."

ನಾನು ಎಡಗೈಯಲ್ಲಿ ಒಂದು ಕಜ್ಜಾಯ ಎತ್ತಿಕೊಂಡೆ. ಬಾಯಿಗಿಡುವ ಮುಂಚೆ, ಕೇಳದೆ ಇರಲಾಗಲಿಲ್ಲ.

"ಗಾಯ ಈಗ ಹೆಂಗಿದೆ?"

"ಸಕ್ರೆ ಕಾಯ್ಲೆ ಕಾಲು ಕಣ್ರೀ, ನಿಧಾನ," ಎಂದಳು ವಾಣಿಶ್ರೀ. "ತಿನ್ನಿ."